ಆಟದ ಹೆಸರಿನ ಕೆಳಗಿರುವ ಅಂಕಿ

ಕೇಳುಗರಿಗೆಲ್ಲ ನಮಸ್ಕಾರ.

ಮೊಬೈಲಿನಲ್ಲಿ ಪ್ಲೇ ಸ್ಟೋರ್ ತೆರೆದು ಯಾವುದಾದರೂ ಒಂದು ಗೇಮ್ ಹುಡುಕಿ ನೋಡಿ. ಹೆಸರಿನ ಕೆಳಗೆ, ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬ ಲೆಕ್ಕದ ಹತ್ತಿರವೇ, ಒಂದು ಅಂಕಿ ಇರುತ್ತದೆ. 3, 7, 12, 16, 18, ಇಷ್ಟರಲ್ಲಿ ಒಂದು. ಅದರ ಮುಂದೆ ಒಂದು ಪ್ಲಸ್. ನಾನು ಸಾಗರದ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಡಿಸ್‌ಪ್ಲೇ ಒಡೆಯಿತು, ಚಾರ್ಜ್ ಹತ್ತುವುದಿಲ್ಲ ಅಂತ ಫೋನ್ ತರುವವರಲ್ಲಿ ಎಷ್ಟೋ ಜನ ಹೊರಡುವ ಮುಂಚೆ ಇನ್ನೊಂದು ಮಾತು ಕೇಳುತ್ತಾರೆ: "ನಮ್ಮ ಹುಡುಗ ಈ ಗೇಮ್ ಆಡಬಹುದಾ ಮಾರಾಯ್ರೆ? ಆಗೂದಿಲ್ಲ ಅಂತಾದ್ರೆ ತೆಗ್ದು ಹಾಕ್ಬಿಡಿ." ಆಗ ನಾನು ಆ ಅಂಕಿ ತೋರಿಸುತ್ತೇನೆ. ಬಹಳ ಜನರಿಗೆ ಅದು ಅಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಗೇಮಿಗೆ ಬಂದ ಮಾರ್ಕ್ಸ್ ಅಂತ ತಿಳಿದವರೂ ಇದ್ದಾರೆ. ಅದು ಮಾರ್ಕ್ಸ್ ಅಲ್ಲ, ಎಷ್ಟು ವಯಸ್ಸಾದವರು ಆಡಬಹುದು ಎಂಬ ಗುರುತು.

ಆ ಅಂಕಿ ಹಾಕಿದವರು ಯಾರು? 1993ರಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ಮಾರ್ಟಲ್ ಕಾಂಬ್ಯಾಟ್ ಎಂಬ ಹೊಡೆದಾಟದ ಗೇಮಿನ ರಕ್ತಪಾತದ ಬಗ್ಗೆ ದೊಡ್ಡ ವಿಚಾರಣೆಯೇ ನಡೆಯಿತು. ಸರ್ಕಾರ ಕಾನೂನು ತಂದೀತು ಎಂಬ ಭಯಕ್ಕೆ ಕಂಪನಿಗಳೇ ಮುಂದಾಗಿ 1994ರಲ್ಲಿ ಇಎಸ್‌ಆರ್‌ಬಿ ಎಂಬ ಮಂಡಳಿ ಮಾಡಿಕೊಂಡವು. ಅವರ ಪದ್ಧತಿಯಲ್ಲಿ 17 ತುಂಬಿದವರ ಆಟಕ್ಕೆ 'ಎಂ' ಅಕ್ಷರದ ಗುರುತು. ಯುರೋಪಿನಲ್ಲಿ 2003ರಿಂದ ಪೆಗಿ ಎಂಬ ಇನ್ನೊಂದು ಪದ್ಧತಿ ಬಂತು. ನಮ್ಮ ಫೋನಿನಲ್ಲಿ ಕಾಣುವ ಅಂಕಿ ಇಂಥ ಮಂಡಳಿಗಳು ಸೇರಿ ಕಟ್ಟಿಕೊಂಡ ಐಎಆರ್‌ಸಿ ಎಂಬ ಒಕ್ಕೂಟದ್ದು. ಗೇಮ್ ತಯಾರಿಸಿದವರು ಒಂದು ಪ್ರಶ್ನಾವಳಿ ತುಂಬುತ್ತಾರೆ. ರಕ್ತ ತೋರಿಸುತ್ತೀರಾ, ಬೈಗುಳ ಇದೆಯಾ, ಜೂಜು ಇದೆಯಾ ಅಂತೆಲ್ಲ. ಉತ್ತರ ನೋಡಿಕೊಂಡು ಅಂಕಿ ಬೀಳುತ್ತದೆ. ನಮ್ಮ ದೇಶದಲ್ಲಿ ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಇದೆ. 2024ರಲ್ಲಿ ಯುಎ ಸರ್ಟಿಫಿಕೇಟನ್ನು 7, 13, 16 ಎಂದು ಮೂರು ಭಾಗವನ್ನೂ ಮಾಡಿದರು. ಗೇಮಿಗೆ ಅಂಥ ಸರ್ಕಾರಿ ಮಂಡಳಿ ಇಲ್ಲ. 16 ಪ್ಲಸ್ ಇದ್ದದ್ದನ್ನು ಹತ್ತು ವರ್ಷದವನು ಆಡಿದರೆ ಯಾವ ಪೊಲೀಸರೂ ಬರುವುದಿಲ್ಲ. ತೀರ್ಮಾನ ಮನೆಯಲ್ಲೇ ಆಗಬೇಕು.

ಒಂದು ಕಾನೂನೇ ಬರಲಿ ಎನ್ನುವವರಿಗೆ ಕ್ಯಾಲಿಫೋರ್ನಿಯಾದ ಕಥೆ ಹೇಳಬೇಕು. 18 ತುಂಬದವರಿಗೆ ಕ್ರೂರ ಗೇಮ್ ಮಾರಿದವರಿಗೆ ದಂಡ ಎಂದು ಆ ರಾಜ್ಯ 2005ರಲ್ಲಿ ಕಾನೂನು ಮಾಡಿತು. 2011ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಏಳು ನ್ಯಾಯಮೂರ್ತಿಗಳು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ತೀರ್ಪು ಬರೆದ ಆಂಟೊನಿನ್ ಸ್ಕಾಲಿಯಾ ಅವರು, ಮಕ್ಕಳಿಗೆ ತಲೆತಲಾಂತರದಿಂದ ಹೇಳಿಕೊಂಡು ಬಂದ ಕಥೆಗಳಲ್ಲೇ ಬೇಕಾದಷ್ಟು ರಕ್ತ ಇದೆ ಎಂದರು. ಮಕ್ಕಳೇ ಮಾಟಗಾತಿಯನ್ನು ಒಲೆಗೆ ದೂಡಿ ಸುಡುವ ಕಥೆ ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು.

ಸ್ಕಾಲಿಯಾ ಅವರು ನಮ್ಮ ಕಡೆ ಹುಟ್ಟಿದ್ದರೆ ಯಕ್ಷಗಾನದ ಉದಾಹರಣೆ ಕೊಡುತ್ತಿದ್ದರು. ಗದ್ದೆ ಕೊಯ್ಲಾದ ಮೇಲೆ ಬಯಲಲ್ಲಿ ಹರಕೆ ಆಟ. ಬೆಳಗಿನ ಜಾವ ದುಶ್ಶಾಸನನ ಎದೆ ಬಗೆದು ಭೀಮ ರಕ್ತ ಕುಡಿಯುವ ಹೊತ್ತಿಗೆ ಚಂಡೆ ಏರುತ್ತದೆ, ಅಜ್ಜಿಯ ಮಡಿಲಲ್ಲಿ ನಿದ್ದೆ ಹೋದ ಮಗುವೂ ಎದ್ದು ಕೂತು ನೋಡುತ್ತದೆ. ಮಗು ನೋಡಬಾರದಿತ್ತು ಅಂತ ಯಾರೂ ಗಲಾಟೆ ಮಾಡಿದ್ದಿಲ್ಲ. ನಾನೂ ಹಾಗೆ ನೋಡಿ ಬೆಳೆದವನೇ. ಆದರೆ ಒಂದು ವ್ಯತ್ಯಾಸ ಇದೆ. ಯಕ್ಷಗಾನದ ಆಟದಲ್ಲಿ ಆ ಕೊಲೆಗೆ ಒಂದು ಇಡೀ ರಾತ್ರಿಯ ಕಾರಣ ಇರುತ್ತದೆ. ದ್ರೌಪದಿಯ ಸೀರೆಗೆ ಕೈ ಹಾಕಿದ್ದು, ಭೀಮನ ಪ್ರತಿಜ್ಞೆ. ಪಕ್ಕದಲ್ಲಿ ಅಜ್ಜಿಯೂ ಇರುತ್ತಾಳೆ, "ಅವ ಯಾಕೆ ಹಂಗ್ ಮಾಡ್ದ?" ಅಂದರೆ ಹೇಳುವುದಕ್ಕೆ. ಫೋನಿನಲ್ಲಿ ಕೊಲ್ಲುವವನು ಹುಡುಗನೇ, ಕಾರಣ ಕೇಳುವವರು ಯಾರೂ ಇಲ್ಲ, ಇಪ್ಪತ್ತೈದು ನಿಮಿಷಕ್ಕೆ ಇನ್ನೊಂದು ಮ್ಯಾಚು.

ಹಾಗಂತ ಗೇಮ್ ಆಡಿ ಮಕ್ಕಳು ಕೊಲೆಗಾರರಾಗುತ್ತಾರೆ ಎನ್ನುವ ಟಿವಿ ಚರ್ಚೆಗಳನ್ನು ನಾನು ನಂಬುವುದಿಲ್ಲ. ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ: ಬೈಯುವುದು, ದೂಡುವುದು ಇಂಥ ಸಿಟ್ಟಿನ ನಡವಳಿಕೆಗೂ ಕ್ರೂರ ಗೇಮಿಗೂ ಸಣ್ಣ ಸಂಬಂಧ ಕಾಣುತ್ತದೆ, ನಿಜವಾದ ಹಿಂಸಾಚಾರಕ್ಕೆ ಗೇಮೇ ಕಾರಣ ಎನ್ನಲು ಸಾಕಷ್ಟು ಆಧಾರ ಇಲ್ಲ. ಆದ್ದರಿಂದ ರಕ್ತದ ಬಣ್ಣ ನೋಡಿ ಹೆದರುವ ಅಪ್ಪ-ಅಮ್ಮ ಹೆದರಬೇಕಾದದ್ದಕ್ಕೆ ಹೆದರುತ್ತಿಲ್ಲ ಅಂತಲೇ ನನ್ನ ಅಭಿಪ್ರಾಯ.

ಹೆದರಬೇಕಾದದ್ದು ಮೊದಲನೆಯದಾಗಿ ದನಿಗೆ. ನಾಲ್ಕು ಜನರ ತಂಡ ಕಟ್ಟಿ ಆಡುವ ಗೇಮುಗಳಲ್ಲಿ ಮೈಕ್ ಇರುತ್ತದೆ. ಐದನೇ ಕ್ಲಾಸಿನ ಹುಡುಗನ ತಂಡದಲ್ಲಿ ಉಳಿದ ಮೂವರು ಯಾರು, ಯಾವ ಊರಿನವರು, ಎಷ್ಟು ವಯಸ್ಸಿನವರು, ಯಾರಿಗೆ ಗೊತ್ತು? ಆ ಮೈಕಿನಲ್ಲಿ ಬರುವ ಬೈಗುಳವನ್ನು ನಾನು ಈ ಬಾನುಲಿಯಲ್ಲಿ ಹೇಳುವಂತಿಲ್ಲ. ಗೇಮ್ ಆಡುವ ಹೆಣ್ಣುಮಕ್ಕಳೂ ಬೇಕಾದಷ್ಟಿದ್ದಾರೆ. ಮೈಕ್ ಹಾಕಿದರೆ ಹುಡುಗಿ ಅಂತ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಆಡಲು ಬಿಡುವುದಿಲ್ಲ ಅಂತ ಸುಮ್ಮನೆ ಆಡುತ್ತಾರೆ. ತಮಾಷೆ ಏನೆಂದರೆ, ಆ ವಯಸ್ಸಿನ ಅಂಕಿ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆನ್‌ಲೈನಿನಲ್ಲಿ ಬೇರೆ ಆಟಗಾರರು ಏನು ಮಾತಾಡುತ್ತಾರೋ ಅದಕ್ಕೆ ತಮ್ಮ ರೇಟಿಂಗ್ ಅನ್ವಯಿಸುವುದಿಲ್ಲ ಎಂದು ಇಎಸ್‌ಆರ್‌ಬಿಯೇ ಹೇಳಿದೆ. ಅಂದರೆ 12 ಪ್ಲಸ್ ಇದ್ದ ಗೇಮಿನಲ್ಲೂ 18 ಪ್ಲಸ್ ಮಾತು ಬರಬಹುದು.

ಎರಡನೆಯದು ದುಡ್ಡು. ಗೇಮ್ ಪುಕ್ಕಟೆ. ಪಾತ್ರಕ್ಕೆ ಹಾಕುವ ಅಂಗಿ, ಬಂದೂಕಿಗೆ ಹಚ್ಚುವ ಬಣ್ಣ ಇದೆಯಲ್ಲ, ಅದಕ್ಕೆ ದುಡ್ಡು. ಕೆಲವು ಗೇಮಿನಲ್ಲಿ ಒಂದು ಪೆಟ್ಟಿಗೆ ಕೊಳ್ಳಬೇಕು, ಒಳಗೆ ಏನು ಬರುತ್ತದೆ ಎಂಬುದು ಅದೃಷ್ಟ. ಇಂಥ ಪೆಟ್ಟಿಗೆ ಜೂಜೇ ಹೌದು ಅಂತ ಬೆಲ್ಜಿಯಂ ದೇಶ 2018ರಲ್ಲೇ ಹೇಳಿತು. ನಮ್ಮ ಪಾರ್ಲಿಮೆಂಟ್ 2025ರ ಆಗಸ್ಟಿನಲ್ಲಿ ಮಾಡಿದ ಆನ್‌ಲೈನ್ ಗೇಮಿಂಗ್ ಕಾನೂನು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು ನಿಷೇಧಿಸಿದೆ. ಒಳ್ಳೆಯದೇ ಆಯಿತು. ಆದರೆ ಅಂಗಿ ಕೊಳ್ಳುವುದು ಜೂಜಲ್ಲವಲ್ಲ. ಮಂಡಿಗೆ ಅಡಿಕೆ ಹಾಕಿ ಬಂದ ದುಡ್ಡು ಅಪ್ಪನ ಖಾತೆಯಲ್ಲಿ, ಖಾತೆ ಅಪ್ಪನ ಫೋನಿನಲ್ಲಿ, ಫೋನ್ ಮಗನ ಕೈಯಲ್ಲಿ, ಯುಪಿಐ ಪಿನ್ ಮಗ ಹುಟ್ಟಿದ ಇಸವಿ. ಬ್ಯಾಂಕಿನ ಮೆಸೇಜ್ ಬಂದದ್ದನ್ನು ಅಳಿಸಲು ಆ ಮಗನಿಗೆ ಯಾರೂ ಕಲಿಸಬೇಕಿಲ್ಲ.

ನಮ್ಮ ವಯಸ್ಸಿನವರು, ಅಂದರೆ ಮೂವತ್ತೈದು-ನಲವತ್ತರ ಗಂಡಸರು, ಒಂದು ವಾದ ಮಾಡುತ್ತಾರೆ. ನಾವೂ ಶಿವಮೊಗ್ಗದ ಸೈಬರ್ ಸೆಂಟರುಗಳಲ್ಲಿ ವೈಸ್ ಸಿಟಿ ಆಡಿದವರಲ್ಲವೇ, ನಮಗೇನಾಯಿತು ಅಂತ. ಮಾತು ನಿಜ. 2002ರ ಆ ಗೇಮಿಗೂ 'ಎಂ' ಗುರುತೇ ಇತ್ತು. ನಮಗೆ ಸಿಕ್ಕ ಕಾಪಿ ಸೀಡಿಯ ಕವರಿನ ಮೇಲೆ ಏನೂ ಇರಲಿಲ್ಲ. ಆದರೆ ಅಲ್ಲಿ ಗಂಟೆಗೆ ಇಷ್ಟು ಅಂತ ದುಡ್ಡು ಕೊಡಬೇಕಿತ್ತು, ಜೇಬು ಖಾಲಿಯಾದರೆ ಆಟ ಮುಗಿಯಿತು. ಕರೆಂಟ್ ಹೋದರೂ ಮುಗಿಯಿತು. ಮಳೆಗಾಲದಲ್ಲಿ ಅದು ದಿನಾ ಹೋಗುತ್ತಿತ್ತು. ಹೊರಗಿನ ಮನುಷ್ಯನ ದನಿ ಆ ಗೇಮಿನೊಳಗೆ ಬರುತ್ತಿರಲಿಲ್ಲ. ನಡುರಾತ್ರಿ ಎರಡು ಗಂಟೆಗೆ ಕಂಬಳಿಯೊಳಗೆ ಅದನ್ನು ಆಡಲಾಗುತ್ತಿರಲಿಲ್ಲ.

ಇನ್ನು ನಿಷೇಧದ ಮಾತು. ಪಬ್‌ಜಿಯನ್ನು 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿದ್ದು ಮಕ್ಕಳ ಕಾರಣಕ್ಕಲ್ಲ, ದೇಶದ ಭದ್ರತೆಯ ಕಾರಣಕ್ಕೆ. ಮರುವರ್ಷ ಅದೇ ಗೇಮ್ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು. 18ರೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ, ಹೆತ್ತವರ ನಂಬರಿಗೆ ಒಟಿಪಿ, ಕೆಂಪು ರಕ್ತದ ಬದಲು ಹಸಿರು. ಹೆತ್ತವರ ನಂಬರ್ ಇರುವ ಫೋನ್ ಯಾರ ಕೈಯಲ್ಲಿದೆ ಎಂಬುದನ್ನು ಮಾತ್ರ ಕಂಪನಿ ಕೇಳಲಿಲ್ಲ. ದಕ್ಷಿಣ ಕೊರಿಯಾ 2011ರಲ್ಲಿ, 16ರೊಳಗಿನವರು ನಡುರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಗೇಮ್ ಆಡುವಂತಿಲ್ಲ ಎಂದಿತು. ಅಲ್ಲಿನ ಮಕ್ಕಳು ಅಪ್ಪ-ಅಮ್ಮನ ಗುರುತಿನ ಸಂಖ್ಯೆ ಹಾಕಿ ಆಡಿದರು. ಹತ್ತು ವರ್ಷದ ಮೇಲೆ ಆ ಕಾನೂನನ್ನು ಕೈಬಿಟ್ಟರು.

ಇಷ್ಟೆಲ್ಲ ಹೇಳಿದ ಮೇಲೆ, ಗೇಮನ್ನೇ ಪೂರ್ತಿ ಕಿತ್ತುಹಾಕಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಮಲೆನಾಡಿನ ಮನೆಗಳನ್ನು ನೆನಪಿಸಿಕೊಳ್ಳಿ. ಊರು ಅಂದರೆ ಓಣಿ ಅಲ್ಲ, ಬೀದಿ ಅಲ್ಲ. ಒಂದು ತೋಟ, ಅದರ ತಲೆಯ ಮೇಲೆ ಒಂದು ಮನೆ. ಇನ್ನೊಂದು ಮನೆಗೆ ಗುಡ್ಡ ಇಳಿದು ಹಳ್ಳ ದಾಟಬೇಕು. ಜುಲೈ ತಿಂಗಳಲ್ಲಿ ಜಿಲ್ಲಾಡಳಿತ ಮಳೆ ರಜೆ ಕೊಟ್ಟರೆ ಎಂಟನೇ ಕ್ಲಾಸಿನ ಹುಡುಗ ಎಲ್ಲಿಗೆ ಹೋಗಬೇಕು? ಅಂಗಳದಲ್ಲಿ ಜಾರಿಕೆ, ಹೊರಗೆ ಉಂಬಳ, ಶಾಲೆಯ ಸ್ನೇಹಿತರೆಲ್ಲ ಅಲ್ಲಲ್ಲೇ ತಮ್ಮ ತಮ್ಮ ಒಂಟಿ ಮನೆಗಳಲ್ಲಿ. ಶರಾವತಿ ಹಿನ್ನೀರಿನ ಆಚೆಯ ಕರೂರು ಸೀಮೆಗೆ 2025ರಲ್ಲಿ ಸೇತುವೆ ಬಂದು ಲಾಂಚ್ ಕಾಯುವುದು ತಪ್ಪಿತು, ಮಕ್ಕಳ ಒಂಟಿತನ ತಪ್ಪಲಿಲ್ಲ. ಆ ನಾಲ್ಕು ಜನರ ತಂಡದಲ್ಲಿ ನಾಲ್ವರೂ ಅವನ ಕ್ಲಾಸಿನವರೇ ಆದರೆ, ಅವರು ಆ ದಿನ ಸೇರುವ ಮೈದಾನ ಅದೊಂದೇ. ಫೋನ್ ಕಸಿದುಕೊಂಡ ಅಪ್ಪ ಗೇಮಿನ ಜೊತೆಗೆ ಸ್ನೇಹಿತರನ್ನೂ ಕಸಿದುಕೊಂಡ ಹಾಗೆ. ಪೇಟೆಯ ತಜ್ಞರು ಹೊರಗೆ ಆಡಲು ಕಳಿಸಿ ಅನ್ನುತ್ತಾರೆ. ಆಗುಂಬೆಯ ಆಷಾಢದಲ್ಲಿ ಅವರೇ ಒಮ್ಮೆ ಆಡಿ ನೋಡಲಿ.

ಹಾಗಾದರೆ ಅಂಗಡಿಯಲ್ಲಿ ನಾನು ಏನು ಹೇಳುತ್ತೇನೆ? ಹನ್ನೆರಡು ತುಂಬದ ಮಗುವಿಗೆ 16 ಪ್ಲಸ್ ಗೇಮ್ ಬೇಡವೇ ಬೇಡ, ಅಳಲಿ, ಊಟ ಬಿಡಲಿ. ಹದಿಮೂರರಿಂದ ಹದಿನೈದರವರೆಗೆ, 16 ಪ್ಲಸ್ ಇದ್ದದ್ದನ್ನು ಜಗಲಿಯಲ್ಲಿ ಕೂತು ಆಡಲಿ, ಗೊತ್ತಿರುವ ಸ್ನೇಹಿತರ ಜೊತೆ ಆಡಲಿ. ಅಪರಿಚಿತರು ಇದ್ದರೆ ಮೈಕ್ ಬಂದ್. ಕೋಣೆಯ ಬಾಗಿಲು ಹಾಕಿಕೊಂಡು ಆಡುವಂತಿಲ್ಲ. 18 ಪ್ಲಸ್ ಇದ್ದದ್ದು ಈ ಮಕ್ಕಳಿಗೆ ಬೇಡ. ಅದರಲ್ಲಿ ರಕ್ತದ ಜೊತೆ ಇನ್ನೂ ಏನೇನೋ ಇರುತ್ತದೆ, ಎಲ್ಲವನ್ನೂ ರೇಡಿಯೋದಲ್ಲಿ ವಿವರಿಸಲಾಗದು. ಒಂದು ಮ್ಯಾಚನ್ನಾದರೂ ಮಗನ ಪಕ್ಕ ಕೂತು ಪೂರ್ತಿ ನೋಡಿ. ಏನೂ ಅರ್ಥವಾಗದಿದ್ದರೂ ಸರಿ, ಅವನೇ ಹೇಳಿಕೊಡುತ್ತಾನೆ. ಮಕ್ಕಳಿಗೆ ದೊಡ್ಡವರಿಗೆ ಕಲಿಸುವುದೆಂದರೆ ಬಹಳ ಖುಷಿ.

ಫೋನಿನಲ್ಲಿ ಮಾಡಬೇಕಾದದ್ದೂ ಇದೆ. ಪ್ಲೇ ಸ್ಟೋರಿನ ಸೆಟ್ಟಿಂಗ್ಸ್, ಅದರೊಳಗೆ ಫ್ಯಾಮಿಲಿ, ಅದರೊಳಗೆ ಪೇರೆಂಟಲ್ ಕಂಟ್ರೋಲ್ಸ್. ಅಲ್ಲಿ ವಯಸ್ಸು ಆರಿಸಿ ಒಂದು ಪಿನ್ ಹಾಕಬಹುದು. ಆದರೆ ಇದು ಹೊಸದಾಗಿ ಇಳಿಸಿಕೊಳ್ಳುವುದನ್ನು ತಡೆಯುತ್ತದೆ, ಆಗಲೇ ಇದ್ದದ್ದನ್ನು ತೆಗೆಯುವುದಿಲ್ಲ. ಸ್ನೇಹಿತನ ಫೋನಿನಿಂದ ಎಪಿಕೆ ಫೈಲ್, ಅಂದರೆ ಪ್ಲೇ ಸ್ಟೋರ್ ಇಲ್ಲದೆಯೇ ಗೇಮ್ ಹಾಕಿಕೊಳ್ಳುವ ಫೈಲ್, ಕಳಿಸಿಕೊಂಡು ಹಾಕಿದರೆ ಅದಕ್ಕೂ ಈ ಬೀಗ ತಾಗುವುದಿಲ್ಲ. ಹದಿಮೂರರೊಳಗಿನ ಮಗುವಿಗೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಎಂಬ ಆ್ಯಪ್ ಮೂಲಕ ಬೇರೆಯೇ ಖಾತೆ ಮಾಡಿಕೊಡುವುದು ಇದಕ್ಕಿಂತ ಗಟ್ಟಿ; ಎಷ್ಟು ಹೊತ್ತು, ರಾತ್ರಿ ಎಷ್ಟು ಗಂಟೆಗೆ ಬಂದ್, ಎಲ್ಲ ಅಪ್ಪ-ಅಮ್ಮನ ಫೋನಿನಿಂದಲೇ ನಡೆಯುತ್ತದೆ.

ಕೆಲವು ಮನೆಗಳಲ್ಲಿ ಇದು ಬೀಗದ ಹಂತ ದಾಟಿರುತ್ತದೆ. ಶಾಲೆ ಬಿಟ್ಟ, ಊಟ-ನಿದ್ದೆ ಬಿಟ್ಟ, ಕೇಳಿದರೆ ಕೈ ಎತ್ತುತ್ತಾನೆ ಎನ್ನುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿದೆ; 2022ರಿಂದ ಅದು ಜಾರಿಯಲ್ಲಿದೆ. ಅಂಥ ಹುಡುಗನನ್ನು ಬೈದು ಸರಿಮಾಡಲು ಹೋಗಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವ ಮೊದಲು 14416ಕ್ಕೆ, ಅಂದರೆ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ, ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ, ಹದಿನೇಳು ನಡೆಯುತ್ತಿರುವ ಪಿಯುಸಿ ಹುಡುಗರ ವಿಷಯ ಉಳಿಯಿತು. 18 ಪ್ಲಸ್ ಅಂತ ಬರೆದಿದೆ, ಇವನಿಗೆ ಇನ್ನೂ ನಾಲ್ಕು ತಿಂಗಳು ಬಾಕಿ ಇದೆ, ಏನು ಮಾಡಲಿ ಅಂತ ಅಪ್ಪಂದಿರು ಕೇಳುತ್ತಾರೆ. ನಾಲ್ಕು ತಿಂಗಳಿಗೆ ವೋಟು ಹಾಕುವವನ ಜೊತೆ ಆ ಅಂಕಿ ಹಿಡಿದು ಜಗಳಕ್ಕೆ ಕೂರಬೇಡಿ ಎನ್ನುತ್ತೇನೆ. ಯುಪಿಐ ಪಿನ್ ಮಾತ್ರ ಇವತ್ತೇ ಬದಲಿಸಿ.

ನಮಸ್ಕಾರ.