ತಿಮಿಂಗಿಲ ಹುಡುಕಿ

ಎಲ್ಲರಿಗೂ ನಮಸ್ಕಾರ. ವಿಕಿಪೀಡಿಯದಲ್ಲಿ ಟೆಂಪ್ಲೇಟು ಅಂದರೆ ಒಂದು ಕಡೆ ಬರೆದಿಟ್ಟು ಎಷ್ಟೋ ಪುಟಗಳಲ್ಲಿ ಬಳಸುವ ಅಚ್ಚು ಅಂತ ಈ ಸಭೆಗೆ ನಾನು ಹೇಳಬೇಕಾಗಿಲ್ಲ. ನಿಮ್ಮಲ್ಲಿ ಅರ್ಧ ಜನ ನಿದ್ದೆಯಲ್ಲೂ ಅದನ್ನು ಕರೆಯುವ ಕರ್ಲಿ ಬ್ರಾಕೆಟ್ ಹಾಕುವವರು.

ಮೊನ್ನೆ ಒಂದು ವಿಕಿ ಲೇಖನ ಓದಿದೆ. ಉಲ್ಲೇಖ ಅಂತ ಕೆಳಗೆ ಒಂದೇ ಒಂದು ಕೊಂಡಿ. ಒತ್ತಿದರೆ ಗೂಗಲ್ ಹುಡುಕಾಟದ ಪುಟ! ಮನೆ ಎಲ್ಲಿ ಅಂದರೆ ಊರೊಳಗೆ ವಿಚಾರಿಸಿ ಅಂದ ಹಾಗಾಯಿತು, ಅಲ್ವಾ? ಅಲ್ಲಿ ಇವತ್ತು ಕಂಡದ್ದು ನಾಳೆ ಇರಬೇಕೆಂದಿಲ್ಲ. ನನಗೆ ಕಂಡದ್ದೇ ನಿಮಗೂ ಕಾಣಬೇಕೆಂದಿಲ್ಲ. ಹುಡುಕುವ ಕೊಂಡಿ ಆಧಾರವಲ್ಲ. ಇದನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಕಾದರೆ ಎಣಿಸಿಕೊಳ್ಳಿ.

ಹಾಗಂತ ಆ ಕೊಂಡಿಯ ಮೇಲೆ ನನಗೇನೂ ಸಿಟ್ಟಿಲ್ಲ. ಅದರ ಜಾಗ ಬೇರೆ, ಅಷ್ಟೆ. ಚರ್ಚೆ ಪುಟದ ಮೇಲ್ಗಡೆ ಇರಲಿ, ‘ಉಲ್ಲೇಖ ಬೇಕು’ ಅನ್ನುವ ಸೂಚನೆಯೊಳಗೆ ಇರಲಿ. ಇಂಗ್ಲಿಷ್ ವಿಕಿಪೀಡಿಯದ ‘ಫೈಂಡ್ ಸೋರ್ಸಸ್’ ಟೆಂಪ್ಲೇಟು ಮಾಡುವುದು ಇದನ್ನೇ. ಸುದ್ದಿ, ಪುಸ್ತಕ, ಸಂಶೋಧನಾ ಲೇಖನ ಅಂತ ಬೇರೆ ಬೇರೆ ಹುಡುಕಾಟಕ್ಕೆ ದಾರಿ ತೋರಿಸುತ್ತದೆ. ಆ ದಾರಿಯಲ್ಲಿ ಹೋಗಿ ತರುವವರು ನಾವು.

ನಾನು ಮೊದಲ ಸಲ ಇಂಥದ್ದೊಂದು ಟೆಂಪ್ಲೇಟು ಮಾಡಿದ ಕಥೆ ಕೇಳಿ. ಚಿಕ್ಕದಾಗಿ ಹೇಳುತ್ತೇನೆ ಅಂತ ಸಂಘಟಕರಿಗೆ ಮಾತು ಕೊಟ್ಟಿದ್ದೇನೆ, ಅವರೂ ನಂಬಿಲ್ಲ. ಹುಡುಕಾಟದ ವಿಳಾಸ ಬರೆದೆ, ಕೊನೆಗೆ ಆಯಾ ಪುಟದ ಹೆಸರನ್ನು ತಾನೇ ತುಂಬುವ ‘ಪೇಜ್‌ನೇಮ್’ ಸೇರಿಸಿದೆ, ಒಂದು ಜಾಗ ಬಿಟ್ಟು ಕೊಂಡಿಯ ಹೆಸರಾಗಿ ‘ಹುಡುಕಿ’ ಅಂತ ಹಾಕಿದೆ. ‘ಆನೆ’ ಪುಟದಲ್ಲಿ ನೋಡಿದೆ, ಸೊಗಸಾಗಿ ಕೆಲಸ ಮಾಡಿತು. ಖುಷಿಯಲ್ಲಿ ಎಲ್ಲ ಪ್ರಾಣಿಗಳ ಪುಟಕ್ಕೂ ಅಂಟಿಸಿದೆ. ‘ನೀಲಿ ತಿಮಿಂಗಿಲ’ ಪುಟಕ್ಕೂ. ಅಲ್ಲಿ ‘ತಿಮಿಂಗಿಲ ಹುಡುಕಿ’ ಅಂತ ಕೊಂಡಿ ಬಂತು. ಚೆನ್ನಾಗಿಯೇ ಇದೆಯಲ್ಲ ಅಂದುಕೊಂಡೆ. ತಿಂಗಳುಗಟ್ಟಲೆ ಯಾರಿಗೂ ಅನುಮಾನ ಬರಲಿಲ್ಲ. ಒಂದು ದಿನ ಒಬ್ಬರು ಬರೆದರು: ‘ಸ್ವಾಮಿ, ತಿಮಿಂಗಿಲ ಒತ್ತಿದರೆ ನೀಲಿ ಅಂಗಿ, ನೀಲಿ ಬಣ್ಣದ ಡಬ್ಬ ಬರುತ್ತಿದೆಯಲ್ಲ!’

ಆಗಿದ್ದು ಇಷ್ಟೇ. ಬೇರೆ ತಾಣಕ್ಕೆ ಹೋಗುವ ಹೊರಕೊಂಡಿಯ ವಿಳಾಸ ಮೊದಲ ಖಾಲಿ ಜಾಗಕ್ಕೆ ಮುಗಿಯುತ್ತದೆ. ‘ನೀಲಿ’ ಹುಡುಕಾಟಕ್ಕೆ ಹೋಯಿತು, ತಿಮಿಂಗಿಲ ಕೊಂಡಿಯ ಹೆಸರಿನಲ್ಲೇ ಉಳಿಯಿತು. ಪುಟದ ಹೆಸರನ್ನು, ಪದವನ್ನು ವಿಳಾಸಕ್ಕೆ ಒಗ್ಗುವ ಗುರುತುಗಳಾಗಿ ಬದಲಿಸುವ ‘ಯುಆರ್‌ಎಲ್‌ಎನ್‌ಕೋಡ್’ ಒಳಗೆ ಇಟ್ಟಿದ್ದರೆ ಖಾಲಿ ಜಾಗ ಪ್ಲಸ್ ಚಿಹ್ನೆಯಾಗಿ ಎರಡೂ ಪದ ಜೊತೆಯಲ್ಲೇ ಹೋಗುತ್ತಿದ್ದವು. ಕನ್ನಡದ ‘ಕ’ ಅದರೊಳಗೆ ಹೋದರೆ ಪರ್ಸೆಂಟ್ ಇ ಸೊನ್ನೆ, ಪರ್ಸೆಂಟ್ ಬಿ 2, ಪರ್ಸೆಂಟ್ 95 ಆಗಿ ಬರುತ್ತದೆ. ಒಂದು ‘ಕ’ಕ್ಕೆ 9 ಗುರುತು, ‘ಕನ್ನಡ’ ಅನ್ನುವ ಪದಕ್ಕೆ 45! ನೋಡಿ ಗಾಬರಿಯಾಗಬೇಡಿ, ಬ್ರೌಸರಿಗೆ ಅದು ಸಲೀಸು.

ಒಳ್ಳೆಯದೂ ಒಂದಿತ್ತು. ಟೆಂಪ್ಲೇಟಿನಲ್ಲಿ ಒಂದು ಕಡೆ ತಿದ್ದಿದೆ, ಅಷ್ಟೂ ಪುಟ ಸರಿಹೋದವು. ಕೈಯಲ್ಲಿ ಬರೆದ ಕೊಂಡಿಗಳಾಗಿದ್ದರೆ ಇವತ್ತೂ ತಿದ್ದುತ್ತಲೇ ಇರುತ್ತಿದ್ದೆ.

ಉದ್ಧರಣ ಚಿಹ್ನೆ ಹಾಕಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಹಾಕಿದರೆ ಇದ್ದ ಹಾಗೇ ಹುಡುಕುತ್ತದೆ. ನಮ್ಮ ಭಾಷೆಯಲ್ಲಿ ಪದ ಇದ್ದ ಹಾಗೇ ಎಲ್ಲಿ ಇರುತ್ತದೆ? ತಿಮಿಂಗಿಲದ, ತಿಮಿಂಗಿಲಕ್ಕೆ, ತಿಮಿಂಗಿಲಗಳು. ಬೇಕಾದ ಪುಟವೇ ತಪ್ಪಿಹೋಗಬಹುದು. ಎರಡೂ ಥರದ ಕೊಂಡಿ ಕೊಡಿ. ‘ಕಮಲ (ಹೂವು)’ ಥರ ಆವರಣ ಸೇರಿದ ಪುಟದ ಹೆಸರಿದ್ದರೆ ಹುಡುಕಾಟಕ್ಕೆ ಬೇರೆ ಪದ ಕೊಡುವ ಅವಕಾಶವನ್ನೂ ಇಡಿ. ಕೊಡದಿದ್ದಾಗ ಮಾತ್ರ ಪುಟದ ಹೆಸರು. ಮತ್ತೆ ಹೇಳುತ್ತೇನೆ, ಎಷ್ಟೇ ಚೆನ್ನಾಗಿ ಮಾಡಿದರೂ ಅದನ್ನು ಉಲ್ಲೇಖದ ಜಾಗದಲ್ಲಿ ಹಾಕಬೇಡಿ.

ಚೀಟಿ ಬಂತು, 2 ನಿಮಿಷವಂತೆ. ಇನ್ನೂ ನಾಲ್ಕು ವಿಷಯ ಇತ್ತು, ಒಂದನ್ನಾದರೂ ಹೇಳಿಬಿಡುತ್ತೇನೆ. ಕೊಡುವ ಪದದಲ್ಲಿ ಸಮ ಚಿಹ್ನೆ ಇದ್ದರೆ, ಅದರ ಎಡಕ್ಕಿರುವುದನ್ನು ಟೆಂಪ್ಲೇಟು ನಿಯತಾಂಕದ, ಅಂದರೆ ನಾವು ತುಂಬಿಕೊಡುವ ಖಾನೆಯ, ಹೆಸರು ಅಂದುಕೊಳ್ಳುತ್ತದೆ. ಕೊಂಡಿ ಸುಮ್ನೆ ಪುಟದ ಹೆಸರನ್ನೇ ಹುಡುಕುತ್ತಾ ಕೂರುತ್ತದೆ. ಪದಕ್ಕೂ ಮೊದಲು ಒಂದು ‘1’, ಒಂದು ಸಮ ಚಿಹ್ನೆ ಹಾಕಿ. ಉಳಿದದ್ದನ್ನು ಬಿಡುವಿನಲ್ಲಿ ಕೇಳಿ, ಲ್ಯಾಪ್‌ಟಾಪ್ ತೆರೆದಿಟ್ಟಿರುತ್ತೇನೆ. ತಿಮಿಂಗಿಲವನ್ನು ಬಿಟ್ಟುಹೋದ ಆ ಟೆಂಪ್ಲೇಟಿನ ಹಳೆಯ ಆವೃತ್ತಿ ಅದರ ಇತಿಹಾಸದ ಪುಟದಲ್ಲಿ ಇನ್ನೂ ಇದೆ, ತೋರಿಸುತ್ತೇನೆ.