ಎರಡನೆಯ ವಾರದ ಮನುಷ್ಯ: ಚಿತ್ರ ವಿತರಕ ಬಿಂಗ್‌ಹ್ಯಾಮ್ ರೇ

ಕೇಳುಗರಿಗೆ ನಮಸ್ಕಾರ.

ಸಿನಿಮಾ ನೋಡಿ ಮನೆಗೆ ಬಂದ ಮೇಲೆ ನಾವು ನಟರ ಹೆಸರು ಹೇಳುತ್ತೇವೆ, ನಿರ್ದೇಶಕರ ಹೆಸರು ಹೇಳುತ್ತೇವೆ, ಹಾಡು ಚೆನ್ನಾಗಿದ್ದರೆ ಸಂಗೀತ ಕೊಟ್ಟವರನ್ನೂ ನೆನೆಯುತ್ತೇವೆ. ಆ ಚಿತ್ರವನ್ನು ನಮ್ಮೂರಿನ ಟಾಕೀಸಿನವರೆಗೆ ತಂದು, ಎರಡನೆಯ ವಾರವೂ ಅದು ಅಲ್ಲಿಂದ ಎತ್ತಂಗಡಿಯಾಗದಂತೆ ನೋಡಿಕೊಂಡ ವಿತರಕರ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅಂಥ ಒಬ್ಬ ವಿತರಕರ ವೃತ್ತಿಜೀವನವನ್ನು ಈ ಹೊತ್ತು ನಿಮ್ಮ ಮುಂದೆ ಇಡಲು ಬಂದಿದ್ದೇನೆ. ಅವರು ಅಮೆರಿಕದವರು, ಹೆಸರು ಬಿಂಗ್‌ಹ್ಯಾಮ್ ರೇ. ರೇ ಎಂದ ಕೂಡಲೇ ನಮ್ಮ ಮನಸ್ಸು ಕೋಲ್ಕತ್ತದ ಕಡೆಗೆ ಓಡುವುದು ಸಹಜ. ಆದರೆ ಇವರಿಗೂ ಸತ್ಯಜಿತ್ ರೇ ಅವರಿಗೂ ಇರುವ ನಂಟು ಹೆಸರಿನ ಒಂದಕ್ಷರದ್ದು ಅಷ್ಟೆ.

1954ರಲ್ಲಿ ಹುಟ್ಟಿದ ಬಿಂಗ್‌ಹ್ಯಾಮ್ ರೇ ಸಿನಿಮಾ ವ್ಯವಹಾರಕ್ಕೆ ಇಳಿದದ್ದು 1981ರಲ್ಲಿ, ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಬಡಾವಣೆಯ ಬ್ಲೀಕರ್ ಸ್ಟ್ರೀಟ್ ಸಿನಿಮಾ ಎಂಬ ಪುಟ್ಟ ಚಿತ್ರಮಂದಿರದ ಮೂಲಕ. ಹಳೆಯ ಚಿತ್ರಗಳನ್ನೂ ಹೊರದೇಶಗಳ ಚಿತ್ರಗಳನ್ನೂ ಮೇಲಿಂದ ಮೇಲೆ ಬದಲಾಯಿಸುತ್ತ ತೋರಿಸುತ್ತಿದ್ದ ಆ ಮಂದಿರದಲ್ಲಿ ಅವರು ವ್ಯವಸ್ಥಾಪಕರಾಗಿದ್ದರು; ಯಾವ ದಿನ ಯಾವ ಚಿತ್ರ ಎಂದು ಆಯ್ಕೆ ಮಾಡುವವರೂ ಅವರೇ. ವಿತರಣೆಯ ಕಸುಬಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಾರದು ಎಂಬುದು ನನ್ನ ಎಣಿಕೆ. ಕಚೇರಿಯಲ್ಲಿ ಕುಳಿತವನಿಗೆ ಪ್ರೇಕ್ಷಕ ಎಂದರೆ ಕಲೆಕ್ಷನ್ ಪಟ್ಟಿಯ ಒಂದು ಅಂಕಿ. ಮಂದಿರದ ಬಾಗಿಲಲ್ಲಿ ನಿಂತವನಿಗೋ, ಮಳೆಯಲ್ಲಿ ನೆನೆದುಕೊಂಡು ಬಂದು ಟಿಕೆಟ್ ಕೇಳುವ, ಚಿತ್ರ ಹಿಡಿಸದಿದ್ದರೆ ನಡುವೆಯೇ ಎದ್ದು ಹೋಗುವ ಮನುಷ್ಯ ಕಣ್ಣಿಗೆ ಬೀಳುತ್ತಾನೆ. ಅಲ್ಲಿಂದ ಮುಂದೆ ಆ ದಶಕವಿಡೀ ರೇ ಒಂದು ವಿತರಣಾ ಸಂಸ್ಥೆಯಿಂದ ಇನ್ನೊಂದಕ್ಕೆ ಹೋಗುತ್ತ, ಚಿತ್ರಗಳನ್ನು ಕೊಳ್ಳುವುದನ್ನೂ ಪ್ರದರ್ಶಕರೊಂದಿಗೆ ಚೌಕಾಸಿ ಮಾಡುವುದನ್ನೂ ಕಲಿತರು.

ಆ ಚೌಕಾಸಿಯ ಸ್ವರೂಪವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ಏಕಪರದೆಯ ಚಿತ್ರಮಂದಿರಗಳು ಬಹುಮಟ್ಟಿಗೆ ವಾರದ ಬಾಡಿಗೆಗೂ ಮಲ್ಟಿಪ್ಲೆಕ್ಸುಗಳು ಶೇಕಡಾವಾರು ಪಾಲಿಗೂ ನಡೆಯುತ್ತವೆ ಎಂಬುದನ್ನು ಗಾಂಧಿನಗರದ ಪರಿಚಯವಿದ್ದವರು ಬಲ್ಲರು. ಅಮೆರಿಕದ ದೊಡ್ಡ ನಗರಗಳಲ್ಲಿ ಆಗ ರೂಢಿಯಲ್ಲಿದ್ದ ಒಂದು ಒಪ್ಪಂದ ಈ ಎರಡನ್ನೂ ಬೆರೆಸಿದಂಥದು. ವಾರದ ಕಲೆಕ್ಷನ್ನಿನಲ್ಲಿ ಮೊದಲು ಮಂದಿರದ ನಿಗದಿತ ಖರ್ಚನ್ನು ಕಳೆಯುವುದು, ಉಳಿದದ್ದರಲ್ಲಿ ಶೇಕಡಾ 90ನ್ನು ವಿತರಕನಿಗೂ 10ನ್ನು ಪ್ರದರ್ಶಕನಿಗೂ ಹಂಚುವುದು. ವಾರಕ್ಕೆ 20,000 ಡಾಲರ್ ಬಂತು, ಮಂದಿರದ ಖರ್ಚು 8,000 ಎಂದುಕೊಳ್ಳಿ. ಉಳಿದ 12,000ದಲ್ಲಿ 10,800 ವಿತರಕನ ಕೈಸೇರುತ್ತದೆ. ಕೇಳಲು ಸೊಗಸಾಗಿದೆ. ಅದೇ ಮಂದಿರದಲ್ಲಿ ಮುಂದಿನ ವಾರ 9,000 ಮಾತ್ರ ಬಂದರೆ ವಿತರಕನ ಪಾಲು 900 ಡಾಲರಿಗೆ ಇಳಿಯುತ್ತದೆ. ಪತ್ರಿಕೆಯಲ್ಲಿ ಅಂಗೈಯಗಲದ ಜಾಹೀರಾತಿಗೂ ಅದು ಸಾಲದು. ಕಲೆಕ್ಷನ್ ಅರ್ಧಕ್ಕಿಂತ ತುಸು ಕೆಳಗೆ ಬಿದ್ದರೆ ಪಾಲು ಹನ್ನೆರಡರಲ್ಲಿ ಒಂದಾಗುವ ಈ ಲೆಕ್ಕವೇ ಸಣ್ಣ ವಿತರಕನ ನಿದ್ದೆಗೆಡಿಸುವಂಥದು.

ದೊಡ್ಡ ಸ್ಟುಡಿಯೋಗಳು ಈ ಭಯಕ್ಕೆ ಕಂಡುಕೊಂಡ ಪರಿಹಾರ, ಚಿತ್ರವನ್ನು ಒಂದೇ ದಿನ ಸಾವಿರಾರು ಪರದೆಗಳಿಗೆ ಬಿಟ್ಟು, ಟೀವಿ ಜಾಹೀರಾತಿನ ಅಬ್ಬರದಲ್ಲಿ ಮೊದಲ ವಾರವೇ ಹಣ ಎತ್ತಿಕೊಳ್ಳುವುದು. ಕೈಯಲ್ಲಿ ಹಣವಿಲ್ಲದ ಸ್ವತಂತ್ರ ವಿತರಕ ಹಾಗೆ ಮಾಡುವಂತಿಲ್ಲ. ಆಗಿನದು ರೀಲಿನ ಕಾಲ. 35 ಎಂ.ಎಂ. ಫಿಲ್ಮು ಪ್ರೊಜೆಕ್ಟರಿನಲ್ಲಿ ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡು ಗಂಟೆಯ ಚಿತ್ರವೆಂದರೆ 10,800 ಅಡಿ, ಎರಡು ಸಾವಿರ ಅಡಿಯ ಸುರುಳಿಗಳಲ್ಲಿ ಆರು ಡಬ್ಬ. ಪ್ರತಿ ಮಂದಿರಕ್ಕೂ ಇಂಥದೊಂದು ಹೊರೆ ಬೇರೆಯಾಗಿ ಪ್ರಿಂಟಾಗಬೇಕು, ಸಾಗಬೇಕು, ಗೀರು ಬೀಳದೆ ಹಿಂದಿರುಗಬೇಕು. ಆದ್ದರಿಂದ ಸ್ವತಂತ್ರ ವಿತರಕ ನ್ಯೂಯಾರ್ಕಿನ ಒಂದು ಮಂದಿರ, ಲಾಸ್ ಏಂಜಲೀಸಿನ ಒಂದು ಮಂದಿರ ಎಂದು ಶುರುಮಾಡಿ, ವಿಮರ್ಶಕರು ಬರೆಯುವವರೆಗೆ, ನೋಡಿದವರು ಪಕ್ಕದ ಮನೆಯವರಿಗೆ ಹೇಳುವವರೆಗೆ ಕಾಯುತ್ತಾನೆ. ಚಿತ್ರ ಕಾಲೂರುತ್ತಿದೆ ಎಂದು ಅನ್ನಿಸಿದ ಮೇಲಷ್ಟೇ ಅದೇ ಪ್ರಿಂಟುಗಳನ್ನು ಬಾಸ್ಟನ್‌ಗೋ ಶಿಕಾಗೋಗೋ ಕಳಿಸುತ್ತಾನೆ. ಕಾಯುವಷ್ಟು ದಿನ ಮಂದಿರದ ಮಾಲೀಕ ಚಿತ್ರವನ್ನು ತೆಗೆಯದಂತೆ ಒಪ್ಪಿಸುವುದರಲ್ಲೇ ಅವನ ಕಸುಬೆಲ್ಲ ಅಡಗಿದೆ.

1991ರಲ್ಲಿ ರೇ ತಮ್ಮಂತೆಯೇ ಈ ಕಸುಬಿನಲ್ಲಿ ಪಳಗಿದ್ದ ಜೆಫ್ ಲಿಪ್ಸ್ಕಿ ಅವರೊಡನೆ ಸೇರಿ ಅಕ್ಟೋಬರ್ ಫಿಲ್ಮ್ಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಮೊದಲಿಗೆ ಅವರು ಕೈಗೆತ್ತಿಕೊಂಡದ್ದು ಬ್ರಿಟನ್ನಿನ ಮೈಕ್ ಲೀ ನಿರ್ದೇಶಿಸಿದ ‘ಲೈಫ್ ಈಸ್ ಸ್ವೀಟ್’ ಚಿತ್ರವನ್ನು. ಲಂಡನ್ನಿನ ಹೊರವಲಯದ ಒಂದು ಸಾಧಾರಣ ಸಂಸಾರ, ಇಬ್ಬರು ಅವಳಿ ಹೆಣ್ಣುಮಕ್ಕಳು, ಲಡಾಸು ತಿಂಡಿ ಗಾಡಿಯೊಂದನ್ನು ಕೊಂಡು ಬದುಕು ಬದಲಾಯಿಸಿಕೊಳ್ಳುತ್ತೇನೆ ಎನ್ನುವ ಅಡುಗೆಯ ಅಪ್ಪ; ಇಷ್ಟೇ ಕಥೆ. ಅಮೆರಿಕದವರು ಗುರುತಿಸುವ ತಾರೆಯರು ಯಾರೂ ಅದರಲ್ಲಿ ಇರಲಿಲ್ಲ. ಹೊಸ ಅಂಗಡಿ ತೆರೆದವರು ಮೊದಲ ದಿನ ಇಂಥ ಸರಕನ್ನು ಮುಂದಿಡುವುದಿಲ್ಲ. ಆದರೂ ಆ ವರ್ಷದ ಅತ್ಯುತ್ತಮ ಚಿತ್ರವೆಂದು ಅಮೆರಿಕದ ರಾಷ್ಟ್ರೀಯ ಚಿತ್ರವಿಮರ್ಶಕರ ಸಂಘ ಅದನ್ನೇ ಆರಿಸಿತು; ತಾಯಿಯ ಪಾತ್ರ ಮಾಡಿದ ಆಲಿಸನ್ ಸ್ಟೆಡ್‌ಮನ್ ಅವರಿಗೆ ಅತ್ಯುತ್ತಮ ನಟಿಯ ಗೌರವವೂ ಬಂತು. ಅಕ್ಟೋಬರ್ ಫಿಲ್ಮ್ಸ್ ನೆಲೆಯೂರಿತು.

ಐದು ವರ್ಷಗಳ ಅನಂತರ, 1996ರ ಕಾನ್ ಚಿತ್ರೋತ್ಸವದಲ್ಲಿ ಪರಮೋಚ್ಚ ಪ್ರಶಸ್ತಿ ಪಡೆದ ಮೈಕ್ ಲೀ ಅವರ ‘ಸೀಕ್ರೆಟ್ಸ್ ಅಂಡ್ ಲೈಸ್’, ಎರಡನೆಯ ದೊಡ್ಡ ಪ್ರಶಸ್ತಿ ಪಡೆದ ಲಾರ್ಸ್ ಫಾನ್ ಟ್ರಿಯರ್ ಅವರ ‘ಬ್ರೇಕಿಂಗ್ ದಿ ವೇವ್ಸ್’, ಇವೆರಡನ್ನೂ ಅಮೆರಿಕದಲ್ಲಿ ಬಿಡುಗಡೆ ಮಾಡಿದ್ದು ಈ ಪುಟ್ಟ ಸಂಸ್ಥೆಯೇ. ‘ಸೀಕ್ರೆಟ್ಸ್ ಅಂಡ್ ಲೈಸ್’ನಲ್ಲಿ ಒಂದು ದೃಶ್ಯವಿದೆ. ಹುಟ್ಟಿದಾಗಲೇ ದತ್ತು ಹೋದ ಕಪ್ಪು ಜನಾಂಗದ ತರುಣಿ ಹೆತ್ತ ತಾಯಿಯನ್ನು ಹುಡುಕಿಕೊಂಡು ಬಂದು, ಆಕೆ ಬಿಳಿಯ ಹೆಂಗಸೆಂದು ತಿಳಿದ ಮೇಲೆ, ಇಬ್ಬರೂ ಒಂದು ಖಾಲಿ ಚಹಾದಂಗಡಿಯಲ್ಲಿ ಒಂದೇ ಕಡೆ ಅಕ್ಕಪಕ್ಕ ಕುಳಿತುಕೊಳ್ಳುತ್ತಾರೆ. ಕ್ಯಾಮೆರಾ ನಿಮಿಷಗಟ್ಟಲೆ ಕದಲುವುದಿಲ್ಲ. ತಾಯಿ ಮೊದಲು ಅಲ್ಲಗಳೆದು, ಆಮೇಲೆ ಏನೋ ನೆನಪಾಗಿ, ಮುಖ ತಿರುಗಿಸಿಕೊಂಡು ಅಳತೊಡಗುತ್ತಾಳೆ. ಈ ದೃಶ್ಯವನ್ನು ಮೂವತ್ತು ಸೆಕೆಂಡಿನ ಜಾಹೀರಾತಿಗೆ ಕತ್ತರಿಸಿಕೊಳ್ಳಲು ಬರುವುದಿಲ್ಲ. ನೋಡಿದವರು ಮತ್ತೊಬ್ಬರಿಗೆ ಹೇಳಿಯೇ ಅದು ಹರಡಬೇಕು. ನ್ಯೂಯಾರ್ಕ್ ಚಿತ್ರೋತ್ಸವದ ಉದ್ಘಾಟನಾ ಚಿತ್ರವಾಗಿ ಅದು ಅಮೆರಿಕಕ್ಕೆ ಕಾಲಿಟ್ಟಿತು, ಮೆಲ್ಲಗೆ ಹಬ್ಬಿತು, ಅಮೆರಿಕವೊಂದರಲ್ಲೇ 1 ಕೋಟಿ 30 ಲಕ್ಷ ಡಾಲರುಗಳಿಗೂ ಹೆಚ್ಚು ಗಳಿಸಿತು. ಅತ್ಯುತ್ತಮ ಚಿತ್ರವೂ ಸೇರಿದಂತೆ ಐದು ವಿಭಾಗಗಳಲ್ಲಿ ಆಸ್ಕರ್ ನಾಮನಿರ್ದೇಶನ ಪಡೆಯಿತು. ಪ್ರಶಸ್ತಿ ಒಂದೂ ಬರಲಿಲ್ಲ, ಆ ಮಾತು ಬೇರೆ.

ಗೆದ್ದವರನ್ನು ಕೊಳ್ಳಲು ಹಣವಂತರು ಬಂದೇ ಬರುತ್ತಾರೆ. 1997ರಲ್ಲಿ ಯೂನಿವರ್ಸಲ್ ಸ್ಟುಡಿಯೋ ಅಕ್ಟೋಬರ್ ಫಿಲ್ಮ್ಸ್‌ನ ಬಹುಪಾಲು ಒಡೆತನವನ್ನು ಕೊಂಡಿತು. ಹಣದ ಚಿಂತೆ ಕಳೆಯಿತು, ಆದರೆ ಹೊಸ ಯಜಮಾನರ ಮರ್ಜಿಯೂ ಜೊತೆಗೇ ಬಂತು. ಮರುವರ್ಷ ಟಾಡ್ ಸಾಲಂಡ್ಸ್ ನಿರ್ದೇಶಿಸಿದ ‘ಹ್ಯಾಪಿನೆಸ್’ ಚಿತ್ರ ಕಾನ್‌ನಲ್ಲಿ ಅಂತಾರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಪಡೆದು ಅಕ್ಟೋಬರ್ ಕೈಯಲ್ಲಿತ್ತು. ಮರ್ಯಾದಸ್ಥ ಗೃಹಸ್ಥನಾಗಿದ್ದುಕೊಂಡೇ ಎಳೆಯ ಹುಡುಗರ ಮೇಲೆ ದೌರ್ಜನ್ಯ ಎಸಗುವವನೊಬ್ಬ ಅದರ ಮುಖ್ಯ ಪಾತ್ರಗಳಲ್ಲೊಂದು. ಮದ್ಯದ ವ್ಯಾಪಾರದಿಂದ ಬೆಳೆದ ಸೀಗ್ರಮ್ ಕಂಪನಿ ಆಗ ಯೂನಿವರ್ಸಲ್‌ನ ಒಡೆಯ. ಇಂಥ ಚಿತ್ರದ ಮೇಲೆ ತಮ್ಮ ನೆರಳೂ ಬೀಳಕೂಡದೆಂದು ಮೇಲಿನವರು ಪಟ್ಟುಹಿಡಿದದ್ದರಿಂದ ಅಕ್ಟೋಬರ್ ಅದನ್ನು ಕೈಬಿಡಬೇಕಾಯಿತು. ಕಡೆಗೆ ನಿರ್ಮಾಪಕರೇ, ಗುಡ್ ಮಷೀನ್ ಎಂಬ ಸಂಸ್ಥೆಯವರು, ಯಾವ ವಯಸ್ಸಿನವರು ನೋಡಬಹುದೆಂಬ ಪ್ರಮಾಣಪತ್ರವಿಲ್ಲದೆಯೇ ಅದನ್ನು ಬಿಡುಗಡೆ ಮಾಡಿದರು. ಅಪಾಯದ ಚಿತ್ರಗಳಿಗಾಗಿಯೇ ಹೆಸರಾಗಿದ್ದ ಅಂಗಡಿಯೊಂದು ಅಪಾಯದ ಕಾರಣಕ್ಕೆ ಚಿತ್ರವನ್ನು ಹಿಂದಿರುಗಿಸಿದ ಮೇಲೆ ಅದರ ಬೋರ್ಡಿಗೆ ಏನು ಬೆಲೆ ಉಳಿದೀತು? 1999ರಲ್ಲಿ ಸಂಸ್ಥೆ ಮತ್ತೆ ಕೈಬದಲಾಗಿ, ಇನ್ನೊಂದರಲ್ಲಿ ವಿಲೀನಗೊಂಡು, ಅಕ್ಟೋಬರ್ ಎಂಬ ಹೆಸರೇ ಅಳಿಸಿಹೋಯಿತು.

2001ರಲ್ಲಿ ರೇ ಯುನೈಟೆಡ್ ಆರ್ಟಿಸ್ಟ್ಸ್‌ನ ಅಧ್ಯಕ್ಷರಾದರು. ಚಾಪ್ಲಿನ್, ಮೇರಿ ಪಿಕ್‌ಫರ್ಡ್, ಡಗ್ಲಸ್ ಫೇರ್‌ಬ್ಯಾಂಕ್ಸ್, ಗ್ರಿಫಿತ್ ಎಂಬ ನಾಲ್ವರು 1919ರಲ್ಲಿ, ತಾವು ಮಾಡಿದ ಚಿತ್ರವನ್ನು ತಾವೇ ಹಂಚಬೇಕೆಂದು ಹಟ ತೊಟ್ಟು ಕಟ್ಟಿದ ಸಂಸ್ಥೆ ಅದು. ರೇ ಬರುವ ಹೊತ್ತಿಗೆ ಎಂ.ಜಿ.ಎಂ. ಸ್ಟುಡಿಯೋದ ಒಂದು ಶಾಖೆಯಾಗಿತ್ತು. ಇಲ್ಲಿ ನಮಗೂ ಅವರಿಗೂ ಒಂದು ಎಳೆಯ ಸಂಬಂಧವಿದೆ. 2002ರ ಮಾರ್ಚ್‌ನಲ್ಲಿ ಭಾರತದ ‘ಲಗಾನ್’ ಪರಭಾಷಾ ಚಿತ್ರಗಳ ಆಸ್ಕರ್ ಕಣದಲ್ಲಿದ್ದದ್ದು, ಇಡೀ ದೇಶ ಆ ಬೆಳಗಿನ ಜಾವ ಟೀವಿಯ ಮುಂದೆ ಕುಳಿತದ್ದು ನಿಮಗೆ ನೆನಪಿರಬಹುದು. ಅಂದು ಪ್ರಶಸ್ತಿ ಗೆದ್ದದ್ದು ಬೋಸ್ನಿಯಾದ ‘ನೋ ಮ್ಯಾನ್ಸ್ ಲ್ಯಾಂಡ್’. ಅಮೆರಿಕದಲ್ಲಿ ಅದರ ವಿತರಕರು ಯುನೈಟೆಡ್ ಆರ್ಟಿಸ್ಟ್ಸ್. ಅದೇ ವರ್ಷ ಕಾನ್‌ನಲ್ಲಿ ರೇ ಕೊಂಡ, ಅಮೆರಿಕದ ಬಂದೂಕಿನ ವ್ಯಾಮೋಹವನ್ನು ಕುರಿತ ಮೈಕೆಲ್ ಮೂರ್ ಅವರ ‘ಬೌಲಿಂಗ್ ಫಾರ್ ಕೊಲಂಬೈನ್’ ಆ ದೇಶದಲ್ಲಿ 2 ಕೋಟಿ ಡಾಲರುಗಳನ್ನು ಮೀರಿ ಗಳಿಸಿತು. ಸಾಕ್ಷ್ಯಚಿತ್ರಕ್ಕೆ ಜನ ಟಿಕೆಟ್ ಕೊಂಡು ಬರುವುದಿಲ್ಲ ಎಂಬ ಮಾತು ಅಲ್ಲಿಗೆ ಸುಳ್ಳಾಯಿತು. ಆದರೂ 2004ರ ಆರಂಭದಲ್ಲಿ ರೇ ಆ ಕುರ್ಚಿಯನ್ನು ಬಿಟ್ಟು ಎದ್ದರು.

ಆಮೇಲಿನ ಏಳೆಂಟು ವರ್ಷ ಅವರು ಅಲ್ಲಲ್ಲಿ ಸಲಹೆಗಾರರಾಗಿ, ಕೆಲಕಾಲ ಒಂದು ನಿರ್ಮಾಣ ಸಂಸ್ಥೆಯಲ್ಲಿ ಕಳೆದರು. 2011ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಫಿಲ್ಮ್ ಸೊಸೈಟಿಯ ಕಾರ್ಯನಿರ್ವಾಹಕ ನಿರ್ದೇಶಕರಾದರು. ವಿತರಣೆಯ ದಲ್ಲಾಳಿತನ ಬಿಟ್ಟು, ಬ್ಲೀಕರ್ ಸ್ಟ್ರೀಟಿನ ದಿನಗಳಂತೆ ನೇರವಾಗಿ ಪ್ರೇಕ್ಷಕರಿಗೆ ಚಿತ್ರ ತೋರಿಸುವ ಕೆಲಸ ಮತ್ತೆ ಸಿಕ್ಕಿತ್ತು. ಎರಡೂವರೆ ತಿಂಗಳೂ ತುಂಬಿರಲಿಲ್ಲ. 2012ರ ಜನವರಿಯಲ್ಲಿ ಯೂಟಾ ರಾಜ್ಯದಲ್ಲಿ, ಕಲಾತ್ಮಕ ಚಿತ್ರಗಳನ್ನು ತೋರಿಸುವ ಸಣ್ಣ ಮಂದಿರಗಳ ಮಾಲೀಕರು ಸೇರಿದ್ದ ಸಮಾವೇಶಕ್ಕೆ ಹೋಗಿದ್ದಾಗ ಅವರಿಗೆ ಪಾರ್ಶ್ವವಾಯು ಬಡಿಯಿತು. ಪ್ರೊವೊ ನಗರದ ಆಸ್ಪತ್ರೆಯಲ್ಲಿ ಜನವರಿ 23ರಂದು ತೀರಿಕೊಂಡಾಗ ಅವರಿಗೆ 57 ವರ್ಷ.

ಅವರು ಹಾಸಿಗೆ ಹಿಡಿದಿದ್ದ ಅದೇ ದಿನಗಳಲ್ಲಿ, ಅಲ್ಲಿಂದ ಹೆಚ್ಚು ದೂರವಿಲ್ಲದ ಪಾರ್ಕ್ ಸಿಟಿಯ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಬೆನ್ ಝೈಟ್ಲಿನ್ ಎಂಬ ಹೊಸಬರ ‘ಬೀಸ್ಟ್ಸ್ ಆಫ್ ದಿ ಸದರ್ನ್ ವೈಲ್ಡ್’ ಮೊದಲ ಬಾರಿ ತೆರೆ ಕಂಡಿತ್ತು. ಆ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕಿನ ಗೋಥಮ್ ಪ್ರಶಸ್ತಿಯವರು ಹೊಸ ನಿರ್ದೇಶಕರಿಗೆ ಕೊಡುವ ಪ್ರಶಸ್ತಿಗೆ ಬಿಂಗ್‌ಹ್ಯಾಮ್ ರೇ ಅವರ ಹೆಸರಿಟ್ಟರು. ಅದನ್ನು ಪಡೆದವರು ಅದೇ ಝೈಟ್ಲಿನ್.

ನಮಸ್ಕಾರ.