ಹಳೆಯ ಲ್ಯಾಪ್‌ಟಾಪ್‌ಗೆ ಯಾವ ಡೇಟಾಬೇಸ್? ಯುದ್ಧನೌಕೆಯಿಂದ ಬಂದ ಉತ್ತರ

[ಸ್ಕ್ರೀನ್ ಮೇಲೆ: ಹಳೆಯ ಲ್ಯಾಪ್‌ಟಾಪ್, ಕಪ್ಪು ಟರ್ಮಿನಲ್]

ನಮಸ್ಕಾರ. ನಮ್ಮ ವೀಕ್ಷಕರೊಬ್ಬರು ಕೇಳಿದ್ದಾರೆ: "ಸರ್, 2 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್. ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿದ್ದೇನೆ. ಊರಿನ ಲೈಬ್ರರಿಯ ಪುಸ್ತಕಗಳ ಪಟ್ಟಿ ಇಡಬೇಕು. ಪುಕ್ಕಟೆ ಸಿಗುವ, ಮೆಷಿನ್‌ಗೆ ಭಾರವಾಗದ ಡೇಟಾಬೇಸ್ ಯಾವುದು?"

ಟೇಬಲ್ ಅಂದರೇನು, ಕಾಲಂ ಅಂದರೇನು ಅನ್ನುವುದಕ್ಕೆ ಇವತ್ತು ಹೋಗುವುದಿಲ್ಲ. ನನ್ನ ಉತ್ತರ ಎಸ್‌ಕ್ಯೂಲೈಟ್. ಅದು ಹುಟ್ಟಿದ ಜಾಗ ನೋಡಿದರೆ ಕಾರಣ ತಾನಾಗಿ ಗೊತ್ತಾಗುತ್ತದೆ.

2000ನೇ ಇಸವಿ. ರಿಚರ್ಡ್ ಹಿಪ್ ಅನ್ನುವ ಪ್ರೋಗ್ರಾಮರ್ ಅಮೆರಿಕದ ನೌಕಾಪಡೆಯ ಯುದ್ಧನೌಕೆಗೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ಹಡಗಿಗೆ ಏಟು ಬಿದ್ದು ಪೈಪ್ ಒಡೆದರೆ ಯಾವ ವಾಲ್ವ್ ಮುಚ್ಚಬೇಕು, ಯಾವುದನ್ನು ತೆರೆಯಬೇಕು ಎಂದು ಹೇಳುವ ಸಾಫ್ಟ್‌ವೇರ್ ಅದು. ಓಡುತ್ತಿದ್ದುದು ಎಚ್‌ಪಿ-ಯುಎಕ್ಸ್ ಮೇಲೆ, ಅಂದರೆ ಯುನಿಕ್ಸ್ ಜಾತಿಯ ಆಪರೇಟಿಂಗ್ ಸಿಸ್ಟಂ. ವಾಲ್ವ್‌ಗಳ ವಿವರವೆಲ್ಲ ಇದ್ದದ್ದು ಇನ್‌ಫಾರ್ಮಿಕ್ಸ್ ಎಂಬ ಡೇಟಾಬೇಸ್ ಸರ್ವರ್‌ನಲ್ಲಿ. ಸರ್ವರ್ ನಿಂತುಹೋಗಿದ್ದರೆ? "ಡೇಟಾಬೇಸ್ ಸರ್ವರ್ ಸಿಗುತ್ತಿಲ್ಲ" ಅನ್ನುವ ಸಂದೇಶ ಬರುತ್ತಿತ್ತು, ಅಷ್ಟೇ.

ಒಂದು ಕ್ಷಣ ಆ ಜಾಗದಲ್ಲಿ ನಿಂತು ನೋಡಿ. ಹಡಗಿಗೆ ನೀರು ನುಗ್ಗುತ್ತಿದೆ. ಬೇಕಾದ ಮಾಹಿತಿ ಡಿಸ್ಕಿನಲ್ಲೇ ಇದೆ. ಆದರೆ ಅದನ್ನು ತೆಗೆದುಕೊಡಬೇಕಾದ ಇನ್ನೊಂದು ಪ್ರೋಗ್ರಾಂ ಎದ್ದಿಲ್ಲ. ಉಪ್ಪಿನ ಡಬ್ಬಿ ಕೈಗೆಟಕುವ ಹಾಗೇ ಇದೆ, ಅದನ್ನು ತೆಗೆದುಕೊಡುವ ಆಳು ಬರಲಿಲ್ಲ ಅಂತ ಸಾರು ಸಪ್ಪೆ ಉಂಡ ಹಾಗಾಯಿತು, ಅಲ್ವಾ? ಹಿಪ್ ಆ ಆಳನ್ನೇ ತೆಗೆದುಹಾಕಿದರು. ಪ್ರೋಗ್ರಾಂ ನೇರವಾಗಿ ಡಿಸ್ಕಿನ ಫೈಲನ್ನೇ ಓದಲಿ, ಬರೆಯಲಿ ಎಂದರು. ಅದೇ ವರ್ಷ ಆಗಸ್ಟ್‌ನಲ್ಲಿ ಎಸ್‌ಕ್ಯೂಲೈಟ್ 1.0 ಹೊರಬಂತು.

ಹಾಗಾಗಿ ಇದರಲ್ಲಿ ಸರ್ವರ್ ಇಲ್ಲ, ಪಾಸ್‌ವರ್ಡ್ ಇಲ್ಲ, ನೆಟ್‌ವರ್ಕ್ ಪೋರ್ಟ್ ಇಲ್ಲ. ಇಡೀ ಡೇಟಾಬೇಸ್ ಒಂದೇ ಫೈಲು. ಎಸ್‌ಕ್ಯೂಲೈಟ್‌ನ ಕೋಡ್ 1 ಎಂಬಿ ಆಸುಪಾಸು. ಪಬ್ಲಿಕ್ ಡೊಮೇನ್, ಅಂದರೆ ಯಾರಪ್ಪಣೆಯೂ ಬೇಡ.

[ಟರ್ಮಿನಲ್ ಹತ್ತಿರದಿಂದ]

ನೋಡಿ, ಫೈಲಿನ ಮೊದಲ ಕೆಲವು ಬೈಟ್ ಓದಿಸುತ್ತೇನೆ. "ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3" ಅಂತ ಇಂಗ್ಲಿಷ್ ಅಕ್ಷರದಲ್ಲೇ ಕಾಣುತ್ತದೆ. ಈಗ ಇನ್ನೊಂದು. ಫ್ರೀಬಿಎಸ್‌ಡಿಯಲ್ಲಿ ಸಾಫ್ಟ್‌ವೇರ್ ಹಾಕಲು ಪಿಕೆಜಿ ಬಳಸುತ್ತೀರಲ್ಲ? ಏನೇನು ಹಾಕಿದ್ದೀರಿ ಅನ್ನುವ ಲೆಕ್ಕವನ್ನು ಅದು ಇಡುವುದೂ ಒಂದು ಎಸ್‌ಕ್ಯೂಲೈಟ್ ಫೈಲಿನಲ್ಲೇ. ಕೇಳಿದವರ ಲ್ಯಾಪ್‌ಟಾಪ್‌ನಲ್ಲಿ ಇದು ಆಗಲೇ ಕೆಲಸ ಮಾಡುತ್ತಿದೆ!

ಈಗ ಪುಸ್ತಕಗಳ ಪಟ್ಟಿ. ಸಿಎಸ್‌ವಿ ಫೈಲಿದ್ದರೆ, ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಟ್ಟಿ ಇದ್ದರೆ, ಎಸ್‌ಕ್ಯೂಲೈಟ್‌ನ ಡಾಟ್ ಇಂಪೋರ್ಟ್ ಆಜ್ಞೆ ಸಾಕು. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ನನಗೆ ತುಂಬಾ ಇಷ್ಟವಾದ ವಿಷಯ ಇಲ್ಲಿದೆ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದೆ. "ಬಳೆ" ಮೊದಲು ಬಂತು, "ಬಸವ" ಆಮೇಲೆ. ತಪ್ಪು! ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಕೊನೆಗೆ, ಹ ಆದ ಮೇಲೆ. ಯೂನಿಕೋಡ್‌ನಲ್ಲಿ ಮಾತ್ರ ಲ ಪಕ್ಕದಲ್ಲೇ ಳ ಕೂತಿದೆ. ಎಸ್‌ಕ್ಯೂಲೈಟ್ ಸುಮ್ನೆ ಬೈಟ್ ನೋಡಿ ಜೋಡಿಸುತ್ತದೆ, ಕನ್ನಡ ಅದಕ್ಕೆ ಗೊತ್ತಿಲ್ಲ.

ಪರಿಹಾರ ಒಂದೇ ಸಾಲು. ಜೋಡಿಸಲು ಹೇಳುವ ಆರ್ಡರ್ ಬೈ ಹಾಕುವಾಗ, ಅಕ್ಷರ ಬದಲಿಸುವ ರೀಪ್ಲೇಸ್ ಫಂಕ್ಷನ್‌ನಿಂದ ಳ ಜಾಗಕ್ಕೆ ಅವಗ್ರಹ ಚಿಹ್ನೆ ಽ ಕೊಡಿ. ಯೂನಿಕೋಡ್‌ನಲ್ಲಿ ಅವಗ್ರಹ ಇರುವುದು ಹ ಆದ ಮೇಲೆ, ದೀರ್ಘ-ಗುಡಿಸುಗಳಿಗಿಂತ ಮೊದಲು. ನಮಗೆ ಬೇಕಾದ ಜಾಗ ಅದೇ. ಫೈಲಿನಲ್ಲಿರುವ ಹೆಸರು ಬದಲಾಗುವುದಿಲ್ಲ, ಜೋಡಣೆಗಷ್ಟೇ ಈ ವೇಷ. ಈಗ ನೋಡಿ: ಬಸವ, ಬಹಳ, ಬಳೆ. ಎಷ್ಟು ಚೆಂದ!

ಸಮಯ ಆಗುತ್ತಿದೆ, ಉಳಿದದ್ದು ಬೇಗ ಬೇಗ. ಒಂದು ಫೈಲಿಗೆ ಒಂದು ಹೊತ್ತಿನಲ್ಲಿ ಒಬ್ಬರೇ ಬರೆಯಬಹುದು. ವಾಲ್ (WAL) ಮೋಡ್, ಅಂದರೆ ಬದಲಾವಣೆಗಳನ್ನು ಮೊದಲು ಬೇರೆ ಲಾಗ್ ಫೈಲಿನಲ್ಲಿ ಬರೆಯುವ ವಿಧಾನ, ಹಾಕಿದರೆ ಆಗಲೂ ಉಳಿದವರು ಓದುತ್ತಿರಬಹುದು. ಫಾರಿನ್ ಕೀ ತಪಾಸಣೆ, ಅಂದರೆ ಒಂದು ಟೇಬಲ್ ಇನ್ನೊಂದರ ಯಾವ ಸಾಲನ್ನು ತೋರಿಸುತ್ತದೋ ಅದು ನಿಜವಾಗಿ ಇದೆಯಾ ಅನ್ನುವ ಪರೀಕ್ಷೆ, ಸಾಮಾನ್ಯವಾಗಿ ಆಫ್ ಇರುತ್ತದೆ, ಪ್ರತಿ ಸಲ ತೆರೆದಾಗಲೂ ಆನ್ ಮಾಡಿ. ಫೈಲನ್ನು ಎನ್‌ಎಫ್‌ಎಸ್ ಮೇಲೆ, ಅಂದರೆ ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಡಿಸ್ಕಿನಲ್ಲಿ, ಇಟ್ಟು ಹತ್ತು ಕಂಪ್ಯೂಟರ್‌ನಿಂದ ಬರೆಯಬೇಡಿ, ಲಾಕಿಂಗ್ ಕೈಕೊಟ್ಟರೆ ಡೇಟಾ ಕೆಡುತ್ತದೆ. ಅಷ್ಟು ಜನ ಬರೆಯುವುದಿದ್ದರೆ ಪೋಸ್ಟ್‌ಗ್ರೆಸ್ ಅನ್ನುವ ಸರ್ವರ್ ಡೇಟಾಬೇಸ್ ಹಾಕಿ, ಅದೂ ಪುಕ್ಕಟೆ. ದೊಡ್ಡ ದೊಡ್ಡ ಸಿಎಸ್‌ವಿಗಳ ಮೊತ್ತ, ಸರಾಸರಿ ತೆಗೆಯುವುದೇ ಕೆಲಸವಾದರೆ ಡಕ್‌ಡಿಬಿ. ಒಂದು ಹೆಸರು ಕೊಟ್ಟು ಅದರ ಜೊತೆ ಇಟ್ಟ ಮಾಹಿತಿ ಪಡೆಯುವುದಷ್ಟೇ ಸಾಕಾದರೆ ಎಲ್‌ಎಂಡಿಬಿ.

ಕೊನೆಗೆ ಬ್ಯಾಕಪ್. ಪ್ರೋಗ್ರಾಂ ಓಡುತ್ತಿರುವಾಗ ಫೈಲನ್ನು ಸಿಪಿ ಆಜ್ಞೆಯಿಂದ ನಕಲು ಮಾಡಬೇಡಿ, ಅರ್ಧ ಬರೆದ ಸ್ಥಿತಿಯೂ ನಕಲಾಗಬಹುದು. ಎಸ್‌ಕ್ಯೂಲೈಟ್‌ನ ಡಾಟ್ ಬ್ಯಾಕಪ್ ಆಜ್ಞೆ ಬಳಸಿ. ಹೊಸ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ, ಲೈಬ್ರರಿಯ ಬೀರುವಿನಲ್ಲಿ ಅಲ್ಲ, ಮನೆಯಲ್ಲಿ ಇಡಿ.